ಸರ್ವಶಕ್ತನೂ ಮುರಿಯದ ಮಾತು

ಬೆಟಗೇರಿ,
೧೨ ಜುಲೈ ೨೦೨೪, ಶುಕ್ರವಾರ

ಅಮ್ಮಾ, ನಿನ್ನ ಕೌಸರಳ ಸಲಾಂ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸಂತೋಷಕ್ಕೂ ಓಣಿಗೆಲ್ಲ ಕೇಳುವಂತೆ ಅಳುವವಳು. ಮುಂಡರಗಿಯ ಮಂದಿ ಗಾಬರಿಬಿದ್ದು ಓಡಿ ಬಂದಾರು. ಅದಕ್ಕೇ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ, ನಾನು ಗೆದ್ದೆ! ಸೋಮವಾರ ನರ್ಸಿಂಗ್ ಕಾಲೇಜು ಸೇರುತ್ತಿದ್ದೇನೆ.

ನಿಕಾಹದ ದಿನ ಜಮಾತಿನ ಹಿರಿಯರೆದುರು, ಸೊಸೆಯನ್ನು ಓದಿಸುತ್ತೇನೆಂದು ಮಾವ ನಿನಗೆ ಮಾತು ಕೊಟ್ಟಿದ್ದರಲ್ಲ? ಸೀಟು ಸಿಕ್ಕ ಮೇಲೆ ತಿರುಗಿಬಿದ್ದರು. ನಿನಗೆ ತಿಳಿಸದೆ ಒಬ್ಬಳೇ ನುಂಗಿಕೊಂಡೆ. ನಿನ್ನ ಅಳಿಯ ಜಾವೀದ ಅಪ್ಪನೆದುರು ಬಾಯಲ್ಲಿ ಅವಲಕ್ಕಿ ತುಂಬಿಕೊಂಡವರ ಹಾಗೆ ಕೂರುತ್ತಾರೆ.

ಇವತ್ತು ಜುಮ್ಮಾ ನಮಾಜು ಮುಗಿಸಿ ಬಂದ ಮಾವ ಕುರಾನಿನ ಕಿತಾಬು ತೆರೆದು ಕುಳಿತಿದ್ದರು. ಸೋಮವಾರವೇ ಕೊನೆಯ ದಿನವೆಂದು ನೆನಪಿಸಿದೆ. ‘ಅಲ್ಲಾಗ ಆಗಲಾರದ್ದು ಯಾವುದೈತಿ? ಮನ್ಯಾಗ ಹಿರೇ ಮನಷ್ಯಾನೂ ಹಂಗ. ಮಾತು ಕೊಟ್ಟಾಂವನೂ ನಾನ, ತಿರಗಿ ತಗೊಳ್ಳಾಂವನೂ ನಾನ’ ಎಂದು ಗುಡುಗಿದರು.

ಆದರೂ ನಾನು ಅಂದೆ ಅಮ್ಮಾ, ‘ಅವನಿಗೆ ಎಲ್ಲಾ ಆಗತೈತಿ ಅನ್ನೋದು ಖರೆರಿ ಮಾವಾರ. ಆದ್ರ ಅವನು ಕೊಟ್ಟ ಮಾತು ಮುರಿಯಂಗಿಲ್ಲ ಅಂತಾನೂ ಅದರಾಗ ಐತಲ್ರಿ. ಮುರಿಯಾಕ ಆಗಂಗಿಲ್ಲೋ, ಮುರಿಯೂದ ಬ್ಯಾಡಂತಾನೋ, ನನಗ ಗೊತ್ತಿಲ್ಲ. ನೀವು ಅವನಕಿಂತ ದೊಡ್ಡವರೇನ್ರಿ?’

ಜಾವೀದರ ಕೈಯ ಚಹಾ ಅಲ್ಲೇ ನಿಂತಿತು. ನಾನು ನಿಲ್ಲಲಿಲ್ಲ. ಹೋದ ವರ್ಷ ಲಕ್ಷ್ಮೇಶ್ವರದ ವ್ಯಾಪಾರಿ ಅಂದಪ್ಪನವರು ನಮ್ಮ ಮಗ್ಗದಲ್ಲಿ ಅರ್ಧ ನೇಯ್ದ ಸೀರೆಯ ಅಂಚು ಬದಲಿಸಿ ಎಂದು ಕಾಡಿದಾಗ, ಸೀರೆಯುದ್ದಕ್ಕೂ ಓಡುವ ಹಾಸಿನ ಎಳೆ ಮಗ್ಗಕ್ಕೆ ಏರಿದ ಮೇಲೆ ಯಜಮಾನನೂ ಅದಕ್ಕೆ ಕಟ್ಟುಬಿದ್ದವನೇ ಎಂದು ಅವರನ್ನು ಹಿಂದಕ್ಕೆ ಕಳಿಸಿದವರು ಇದೇ ಮಾವ. ಆ ಹಾಸಿನ ಎಳೆಗಿಂತ ಜಮಾತಿನೆದುರು ಆಡಿದ ಮಾತು ಸಡಿಲವೇ ಎಂದು ಕೇಳಿದೆ.

ಮಾವ ಕಿತಾಬಿನ ಪುಟ ತಿರುವಿ ಬಹಳ ಹೊತ್ತು ಹುಡುಕಿದರು. ಅಲ್ಲಾ ಮಾತು ಮುರಿಯನೆಂಬ ಸಾಲು ಸಿಕ್ಕಿತೆಂದು ಅವರ ಮುಖವೇ ಹೇಳಿತು. ಕಣ್ಣಿಗೊತ್ತಿಕೊಂಡು ಮುಚ್ಚಿಟ್ಟರು. ‘ಸೋಮಾರ ಜಲ್ದಿ ತಯಾರಾಗು. ನಾನ ಕರಕೊಂಡು ಹೊಕ್ಕೇನಿ’ ಎಂದರು. ಅಮ್ಮಾ, ಅವರು ಸೋತವರ ಹಾಗೆ ಕಾಣಲಿಲ್ಲ. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು.

ಈಗ ಬೇಕಾದರೆ ಓಣಿಗೆಲ್ಲ ಕೇಳುವಂತೆ ಅಳು.

ನಿನ್ನ ಬಾಯಿಬಡುಕಿ ಮಗಳು,
ಕೌಸರ

ತಾ.ಕ.: ಶನಿವಾರ ಬೆಳಿಗ್ಗೆ. ನಿನ್ನೆ ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಅತ್ತೆ ಗೌಸಬಿ, ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಬಂದು ಕುಳಿತಿದ್ದಾರೆ. ತಮ್ಮ ಮದುವೆಯಲ್ಲಿ ಮಾವ ಅವರಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರಂತೆ! ಸೋಮವಾರದೊಳಗೆ ವಾಪಸ್ಸು ಬರುತ್ತೇವೆಂದು ನನಗೆ ಇನ್ನೊಂದು ಮಾತು ಕೊಟ್ಟು, ಮಾವ ಕಾರವಾರದ ಬಸ್ಸು ವಿಚಾರಿಸಲು ಹೋಗಿದ್ದಾರೆ.