ಇಪ್ಪತ್ತೆರಡು ಸುತ್ತು

ನವೆಂಬರ್ 11, ಸೋಮವಾರ. ಬೆಳಿಗ್ಗೆ 11.20

ಎರಡನೇ ಪೀರಿಯಡ್ ಹೋಯಿತು. ಮತ್ತೆ. ಹೆಡ್‌ಮಾಸ್ತರ್ ಬಸಂತರಾಯರು ಬಾಗಿಲಲ್ಲಿ ನಿಂತು ಹಲ್ಲು ಕಿಸಿದರು. "ವಿಜಯಶ್ರೀ ಬಾಯಾರ, ಈ ವಾರ ಒಂಬತ್ತನೇದವರ ಗಣಿತ ಪೀರಿಯಡ್ ವೃತ್ತಿ ಶಿಕ್ಷಣಕ್ಕ ಬಿಟ್ಟುಕೊಡ್ರಿ." ಕೊಡದೆ ಏನು ಮಾಡಲಿ. ಇಪ್ಪತ್ತಾರು ವರ್ಷ ಗಣಿತ ಕಲಿಸಿದವಳು ಈಗ ಸ್ಕ್ರೂಡ್ರೈವರ್‌ಗೆ ದಾರಿ ಬಿಡಬೇಕು!

ಈ ವರ್ಷದಿಂದ ನಮ್ಮ ಹೈಸ್ಕೂಲಿಗೆ ಇಲೆಕ್ಟ್ರಿಕಲ್ ಟ್ರೇಡ್ ಬಂದಿದೆ. ಸಿಂದಗಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಗೈಬುಸಾಬರು ವಾರಕ್ಕೆ ಮೂರು ದಿನ ಬಂದು ಕಲಿಸುತ್ತಾರೆ. ಅರವತ್ತು ದಾಟಿದವರು, ಓದಿದ್ದು ನಾಲ್ಕನೇ ಇಯತ್ತೆ. ಶಾಲೆಯ ಬಾವಿ ಮೋಟಾರು ದೀಪಾವಳಿಗೇ ಸುಟ್ಟಿದೆ. ಹುಡುಗಿಯರ ಶೌಚಾಲಯಕ್ಕೆ ಹನಿ ನೀರಿಲ್ಲ. ಮಧ್ಯಾಹ್ನ ಮನೆಗೆ ಹೋದವರಲ್ಲಿ ಅರ್ಧದಷ್ಟು ತಿರುಗಿ ಬರುವುದಿಲ್ಲ. ಆ ಮೋಟಾರನ್ನು ಮಕ್ಕಳೇ ಕಟ್ಟುತ್ತಾರಂತೆ. ಒಂಬತ್ತನೇ ಕ್ಲಾಸಿನ ಮಕ್ಕಳು! ನಗು ಬಂತು.

ಸಂಜೆ 6

ಪ್ರಗತಿ ಪತ್ರ ಬರೆದು ಮುಗಿಸಿದೆ. ಹೊನ್ನವ್ವ, ಸಿದ್ರಾಮನ ಮಗಳು — ಗಣಿತದಲ್ಲಿ ಎಂಬತ್ತಕ್ಕೆ ಹನ್ನೊಂದು. ಇನ್ನೂ ಬೆರಳು ಮಡಚಿ ಎಣಿಸುತ್ತಾಳೆ. ಜೂನ್‌ನಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿ ಎಣಿಸು ಅಂದರೆ ಕಣದಲ್ಲಿ ಕಾಳು ಅಳೆಯುವವರ ಹಾಗೆ ಏನೋ ಶುರು ಮಾಡಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಎಣಿಕೆ ಒಂದರಿಂದ ಶುರು!" ಅಂತ ಗದರಿ ಕೂರಿಸಿದೆ. ಷರಾ ಕಾಲಂನಲ್ಲಿ ಬರೆದೆ: 'ಲೆಕ್ಕ ಈಕೆಯ ಕೈಲಾಗದು.' ಇದ್ದದ್ದು ಇದ್ದ ಹಾಗೆ.

ನವೆಂಬರ್ 14, ಗುರುವಾರ

ನನ್ನ ಪೀರಿಯಡ್ ನುಂಗಿದವರು ಏನು ಮಾಡುತ್ತಾರೆ ನೋಡಿಯೇ ಬಿಡೋಣ ಅಂತ ಹೋದೆ.

ಒಂದು ಕಾಯಿಲ್‌ಗೆ ಇಪ್ಪತ್ತೆರಡು ಸುತ್ತು ತಾಮ್ರದ ತಂತಿ. ಅಂಥ ಹದಿನೆಂಟು ಕಾಯಿಲ್ ಸುತ್ತಿ ಮೋಟಾರಿನ ಒಳಗೋಡೆಯ ಸೀಳುಗಳಲ್ಲಿ, ಅಂದರೆ ಗಾಳೆಗಳಲ್ಲಿ, ಕೂರಿಸಬೇಕು. ಗೈಬುಸಾಬರ ಶಿಸ್ತು ಒಂದೇ: ಸುತ್ತುವವರನ್ನು ಯಾರೂ ಮಾತಾಡಿಸುವಂತಿಲ್ಲ. ಎಣಿಕೆ ಮನಸ್ಸಿನಲ್ಲೇ. ಕಾಯಿಲ್ ಮುಗಿಯುವ ತನಕ ದೇವರು ಕರೆದರೂ ಓ ಅನ್ನಬಾರದು.

ಹಿಡಿಕೆ ತಿರುಗಿಸುತ್ತ ಕೂತಿದ್ದವಳು ಹೊನ್ನವ್ವ. ಹೆಡ್‌ಮಾಸ್ತರರು ಬಂದರು. "ಏನವಾ, ಯಾವ ಊರಾಕಿ ನೀ?" ಸುಮ್ಮನಿದ್ದಳು. "ಕಿವಿ ಕೇಳಸಂಗಿಲ್ಲೇನ ನಿನಗ?" ಆಗಲೂ ಸುಮ್ಮನೆ. ಗೈಬುಸಾಬರು ಹೆಡ್‌ಮಾಸ್ತರರ ಕಡೆ ತಿರುಗಿ ತುಟಿ ಮೇಲೆ ಬೆರಳಿಟ್ಟರು. ಅವರು ಬಾಯಿ ಮುಚ್ಚಿದರು! ಈ ಶಾಲೆಯಲ್ಲಿ ಅದನ್ನು ನಾನು ಕಂಡಿರಲಿಲ್ಲ.

ಆದರೆ ಬರೆಯಬೇಕಾದ್ದು ಅದಲ್ಲ. ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಮಾತ್ರ ಅಲುಗುತ್ತಿತ್ತು. ತಂತಿ ಎಲ್ಲೂ ಒಂದರ ಮೇಲೊಂದು ಏರಲಿಲ್ಲ, ಎಲ್ಲೂ ಸಡಿಲ ಬೀಳಲಿಲ್ಲ. ನನ್ನ ಕ್ಲಾಸಿನಲ್ಲಿ ಸದಾ ತಲೆ ತಗ್ಗಿಸಿ ಕೂರುವವಳು ಇಲ್ಲಿ ನೆಟ್ಟಗೆ ಕೂತಿದ್ದಳು. ನಿಂತು ನೋಡಿದೆ. ಬೆಲ್ ಆದದ್ದು ಗೊತ್ತಾಗಲಿಲ್ಲ.

ನವೆಂಬರ್ 16

ಹತ್ತು ಕಾಯಿಲ್ ಆಯಿತಂತೆ. ಹತ್ತೂ ಹೊನ್ನವ್ವನವೇ. ಇರಲಿ. ಇವತ್ತು ಪ್ರಗತಿ ಪತ್ರ ಹಂಚಿದೆ.

ನವೆಂಬರ್ 26

ಹೊನ್ನವ್ವ ಹಾಜರಿಯಲ್ಲಿಲ್ಲ. ಪತ್ರ ಹಂಚಿದ ದಿನವೇ ಕೊನೆ. ಮುತ್ತುರಾಜನನ್ನು ಕೇಳಿದೆ — ಅದೇ ಓಣಿಯವನು, ಕ್ಲಾಸಿಗೆ ಫಸ್ಟು. "ಅಕಿ ಸಾಲಿ ಬಿಟ್ಟಾಳ್ರಿ ಮೇಡಂ. ಕೊಲ್ಹಾರದಾಗ ಅಕಿ ಅತ್ತಿದು ಖಾನಾವಳಿ ಐತಿ. ರೊಟ್ಟಿ ಬಡ್ಯಾಕ ಕಳಸ್ತಾರಂತ."

ಉಳಿದ ಎಂಟು ಕಾಯಿಲ್ ಇವನೇ ಸುತ್ತುತ್ತಿದ್ದಾನೆ. ರಾತ್ರಿ ಊಟ ಸೇರಲಿಲ್ಲ. ಯಾಕೆ ಅಂತ ಬರೆಯಲು ಮನಸ್ಸಿಲ್ಲ...

ನವೆಂಬರ್ 29, ಶುಕ್ರವಾರ

ಮೋಟಾರ್ ಹಾಕಿ ನೋಡಿದರು. ಗುಂಯ್ ಅಂತ ಒದರಿತು. ಎರಡೇ ನಿಮಿಷಕ್ಕೆ ಕೈ ಇಡಲಾಗದಷ್ಟು ಕಾಯಿತು. ಗೈಬುಸಾಬರು ಆಫ್ ಮಾಡಿದರು.

"ಹತ್ತು ಆಕೆಯವಲ್ಲ? ನಾನು ಮೊದಲೇ ಬರೆದಿದ್ದೆ, ಲೆಕ್ಕ ಕೈಲಾಗದು ಅಂತ," ಅಂದೆ. ಎಲ್ಲರ ಮುಂದೆ. ಹೇಳುವಾಗ ಸಮಾಧಾನವೇ ಆಯಿತು, ಸುಳ್ಳೇಕೆ ಬರೆಯಲಿ.

ನವೆಂಬರ್ 30

ಗೈಬುಸಾಬರು ಬಿದಿರು ಕಡ್ಡಿಯಿಂದ ತಂತಿ ಒಂದೊಂದಾಗಿ ಸರಿಸಿ ಎಣಿಸಿದರು. ಪಕ್ಕದಲ್ಲಿ ಕೂತು ನಾನೂ ಎಣಿಸಿದೆ. ಮುತ್ತುರಾಜನ ಎಂಟರಲ್ಲಿ ಇಪ್ಪತ್ತೆರಡು. ಹೊನ್ನವ್ವನ ಮೊದಲನೆಯದರಲ್ಲಿ ಇಪ್ಪತ್ಮೂರು. ನೋಡಿದಿರಾ, ಅನ್ನಬೇಕೆಂದಿದ್ದೆ. ಎರಡನೆಯದು — ಇಪ್ಪತ್ಮೂರು. ಮೂರನೆಯದೂ ಅಷ್ಟೇ. ಹತ್ತಕ್ಕೆ ಹತ್ತೂ ಇಪ್ಪತ್ಮೂರು!

ಗೈಬುಸಾಬರು ಕನ್ನಡಕ ತೆಗೆದರು. "ಕೈ ತಪ್ಪಿದವರು ಹಿಂಗ ತಪ್ಪಂಗಿಲ್ರಿ ಬಾಯಾರ. ಒಂದರಾಗ ಇಪ್ಪತ್ತೊಂದು, ಒಂದರಾಗ ಇಪ್ಪತ್ನಾಕ ಇರ್ತಿತ್ತು. ಇದು ಎಣಿಸೇ ಹಾಕಿದ್ದು. ಹದಿನೆಂಟೂ ಇಪ್ಪತ್ಮೂರ ಇದ್ದಿದ್ರ ಮೋಟಾರ ತುಟಿ ಪಿಟಕ್ ಅಂತಿದ್ದಿಲ್ಲ. ಎರಡ ನಮೂನಿ ಕೂಡಿದ್ದಕ್ಕ ಒದರೇತಿ. ಈ ಗಾಳ್ಯಾಗ ಇಪ್ಪತ್ಮೂರ ಸುತ್ತ ಹಿಡಸಾಕ ನನ್ನ ಕೈಲೆ ಆಗಂಗಿಲ್ಲ. ಅಕಿ ಹಿಡಿಸ್ಯಾಳ. ಉಳದ ಎಂಟೂ ಅಕಿನ ಸುತ್ತಬೇಕು. ಕರ್ಕೊಂಡ ಬರ್ರಿ."

ನಾನು ಕರೆತರಬೇಕಂತೆ. ನಾನೇ.

ಡಿಸೆಂಬರ್ 1, ಭಾನುವಾರ

ಹೋಗಿ ಬಂದೆ.

ಅಂಗಳದಲ್ಲಿ ಹೊನ್ನವ್ವನ ಅಜ್ಜಿ ಸುಂದರವ್ವ ಸೇರಿನಿಂದ ಜೋಳ ಅಳೆದು ಚೀಲಕ್ಕೆ ಹಾಕುತ್ತಿದ್ದಳು. ಮೊದಲ ಸೇರಿಗೆ, "ಲಾಭ." ಮುಂದಿನದಕ್ಕೆ, "ಎರಡು." ಆಮೇಲೆ, "ಮೂರು." ನನ್ನ ತವರೂರು ಹೊರ್ತಿಯಲ್ಲಿ ನಮ್ಮವ್ವನೂ ಹೀಗೇ ಅಳೆಯುತ್ತಿದ್ದಳು. ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅಂತಲೇ ಶುರು. ನಾನು ಗಣಿತ ಓದಿ ಮರೆತವಳು.

ಹೊನ್ನವ್ವನನ್ನು ಕರೆದೆ. "ಕಾಯಿಲ್ ಸುತ್ತುವಾಗ ಮೊದಲನೇ ಸುತ್ತಿಗೆ ಏನಂತಿದ್ದಿ?"

"ಲಾಭ ಅಂತಿದ್ದೆನ್ರಿ."

"ಮುಂದಿನದಕ್ಕ?"

"ಒಂದು ಅಂತಿದ್ದೆನ್ರಿ. ಎಣಿಕಿ ಒಂದರಿಂದನ ಶುರು ಆಗಬೇಕಂತ ನೀವ ಹೇಳಿದ್ರೆಲ್ರಿ ಮೇಡಂ. ಲಾಭ ಬಿಡಬ್ಯಾಡ ಅಂತಾಳ ಅಜ್ಜಿ. ಅದಕ್ಕ ಲಾಭನೂ ಅಂತೇನ್ರಿ, ಒಂದೂ ಅಂತೇನ್ರಿ."

ಲಾಭದ್ದೊಂದು ಸುತ್ತು, ಅದರ ಮೇಲೆ ಇಪ್ಪತ್ತೆರಡು: ಇಪ್ಪತ್ಮೂರು. ಅಜ್ಜಿಯ ಮಾತೂ ಮೀರಲಿಲ್ಲ, ನನ್ನ ಮಾತೂ ಮೀರಲಿಲ್ಲ. ಅಷ್ಟು ಜನರ ನಗುವಿನ ನಡುವೆ ನಾನು ಗದರಿ ಹೇಳಿದ ಒಂದು ಮಾತನ್ನು ಈ ಮಗು ಹತ್ತು ಕಾಯಿಲ್‌ನಲ್ಲಿ ಹತ್ತು ಸಲ ಪಾಲಿಸಿದೆ. ಆ ನಿಷ್ಠೆಗೆ ಏನೆನ್ನಬೇಕೋ ತಿಳಿಯಲಿಲ್ಲ.

ಒಳಗಿಂದ ಅಪ್ಪ ಸಿದ್ರಾಮ ಪ್ರಗತಿ ಪತ್ರ ತಂದ. ಕೋಪವಿರಲಿಲ್ಲ, ಅದೇ ಕಷ್ಟವಾಯಿತು. "ನೀವ ಬರದೀರಿ ಬಾಯಾರ. ಮುತ್ತುರಾಜನ ಕಡಿಂದ ಓದಿಸ್ಕೊಂಡೆ. ನಾ ಕಲ್ತಾಂವ ಅಲ್ಲ, ಕಲ್ತವರ ಮಾತ ನಂಬೇನಿ. ಫೇಲ್ ಆಗಾಕ ಹತ್ತನೇ ಕ್ಲಾಸಿಗೆ ಯಾಕ ಕಳಸ್ಲಿ?"

ಪೆನ್ನು ತೆಗೆದೆ. ಅವನ ಮುಂದೆಯೇ ಷರಾದ ಮೇಲೆ ಗೀಟು ಎಳೆದೆ. "ತಪ್ಪು ಬರೆದಿದ್ದೆ ಸಿದ್ರಾಮಣ್ಣ. ತಪ್ಪು ನನ್ನದು." ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಸಿದ್ರಾಮ ಪತ್ರ ಮಡಚಿ ಕಿಸೆಗಿಟ್ಟ. "ಮೋಟಾರ ಮುಗಿಯೂತನಾ ಬರ್ಲಿ. ಗುರುವಾರ ಮಧ್ಯಾನ ಬಸ್ಸಿಗೆ ಅಕಿ ಅತ್ತಿ ಬರ್ತಾಳ ಕರ್ಕೊಂಡ ಹೋಗಾಕ. ಹೋಗೂದು ಬಿಡೂದು ಅಕಿನ ಹೇಳ್ಲಿ. ನಾನೂ ಒತ್ತಾಯ ಮಾಡಂಗಿಲ್ಲ, ನೀವೂ ಮಾಡಬ್ಯಾಡ್ರಿ."

ಒತ್ತಾಯ ಮಾಡುವುದಿಲ್ಲ ಅಂತ ಮಾತು ಕೊಟ್ಟು ಎದ್ದೆ.

ಮನೆಗೆ ಬಂದು ಅವಳ ಉತ್ತರ ಪತ್ರಿಕೆ ಹುಡುಕಿ ತೆಗೆದೆ. ಬೀಜಗಣಿತ ಖಾಲಿ, ಅದು ಬಂದೇ ಇಲ್ಲ. ಆದರೆ ಬೆರಳ ಮೇಲೆ ಕೂಡಿದಲ್ಲೆಲ್ಲ ಉತ್ತರ ಒಂದರಿಂದ ಕಡಿಮೆ. ಒಂದೇ ಒಂದು. ನಾನು ಕೆಂಪು ಗೀಟು ಹಾಕುತ್ತ ಹೋಗಿದ್ದೇನೆ, ಒಮ್ಮೆಯೂ ಯಾಕೆ ಅಂತ ಕೇಳಿಲ್ಲ.

ಡಿಸೆಂಬರ್ 3

ಬಂದಳು. ಎಂಟೂ ಸುತ್ತಿದಳು. ಗೈಬುಸಾಬರು ಅವಳ ಎಣಿಕೆ ತಿದ್ದಲಿಲ್ಲ. "ನಿನ್ನ ಪದ್ಧತಿನ ನಡೀಲಿ ಬೇಟಿ, ಈ ಮೋಟಾರಿಗೆ ಅದ ಸೇರೇತಿ," ಅಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಗಣಿತ ಕ್ಲಾಸಿನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಮೂರು ಗಂಟೆಗೆ ಮನೆಗೆ ಹೋದಳು.

ಡಿಸೆಂಬರ್ 5, ಗುರುವಾರ. ಮಧ್ಯಾಹ್ನ 2.05, ಸ್ಟಾಫ್ ರೂಮು

ಸೀರೆ ಇನ್ನೂ ಒದ್ದೆ, ಹಾಳೆಯೂ ತೊಯ್ಯುತ್ತಿದೆ. ಅಕ್ಷರಗಳು ಹರಡುತ್ತಿವೆ. ಆಗಲಿ.

ಹನ್ನೆರಡೂವರೆಗೆ ಇಡೀ ಶಾಲೆ ಬಾವಿಯ ಸುತ್ತ. ಗೈಬುಸಾಬರು ಸ್ಟಾರ್ಟರ್ ಹತ್ತಿರ ಹೋಗಿ ನಿಂತರು, ಆಮೇಲೆ ಪಕ್ಕಕ್ಕೆ ಸರಿದರು. "ನೀ ಹಾಕವಾ." ಹೊನ್ನವ್ವ ಹಸಿರು ಬಟನ್ ಒತ್ತಿದಳು.

ಗುಂಯ್ ಇಲ್ಲ. ಮೋಟಾರು ತಣ್ಣಗೆ ತಿರುಗಿತು. ಗೈಬುಸಾಬರು ಕರೆಂಟ್ ಅಳೆಯುವ ಮೀಟರಿನ ಬಾಯಿಯನ್ನು ಮೂರು ವೈರಿಗೂ ಒಂದೊಂದಾಗಿ ಹಿಡಿದರು. ಮೂರರಲ್ಲೂ ಒಂದೇ ಅಂಕಿ! ಪೈಪು ಕೆಮ್ಮಿತು, ತುಕ್ಕಿನ ಕೆಂಪು ನೀರು ಉಗುಳಿತು, ಆಮೇಲೆ ತಿಳಿ ನೀರು. ಹುಡುಗಿಯರು ಕಿರುಚಿದರು. ಯಾರೋ ನನ್ನ ಸೀರೆ ಪೂರಾ ತೋಯಿಸಿದರು. ಅಳುತ್ತಿದ್ದೆ ಅನಿಸುತ್ತದೆ, ನೀರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಎಷ್ಟೋ ಪ್ರಮೇಯಗಳನ್ನು ಸಾಧಿಸಿ ತೋರಿಸಿದ್ದೇನೆ. ಇಂಥದ್ದೊಂದನ್ನು ಕಣ್ಣಾರೆ ಕಂಡಿರಲಿಲ್ಲ.

ಆ ಗದ್ದಲದಲ್ಲಿ ಹೊನ್ನವ್ವ ಎಲ್ಲಿ ಹೋದಳೋ. ಅವಳ ಅತ್ತೆ ಗೇಟಿನ ಹತ್ತಿರ ನಿಂತಿದ್ದನ್ನು ನೋಡಿದೆ. ಎರಡು ಗಂಟೆಯ ಬಸ್ಸು ಹಾರ್ನ್ ಹಾಕಿ ಹೋಯಿತು. ಕಿಟಕಿಗೆ ಹೋಗಿ ನೋಡುವ ಧೈರ್ಯವಾಗಲಿಲ್ಲ. ಒತ್ತಾಯ ಮಾಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ನೀರಿನ ಟಾಕಿ ತುಂಬುವ ಸದ್ದು ಇಲ್ಲಿಗೂ ಕೇಳುತ್ತಿದೆ.

ಬೆಲ್ ಆಯಿತು. ಒಂಬತ್ತನೇ ಕ್ಲಾಸು, ಗಣಿತ.

ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ಒದ್ದೆ ಲಂಗ, ಕೈಯಲ್ಲಿ ಗಣಿತದ ನೋಟ್‌ಬುಕ್ಕು. "ಮೇಡಂರಿ, ಒಳಗ ಬರ್ಲೇನ್ರಿ? ಆ ಬೀಜಗಣಿತ ಮೊದಲಿಂದ ಹೇಳ್ಕೊಡ್ರಿ."