ಹಗ್ಗವರ್ಷಗಳು

ಹೊಸಕುರ್ವೆ
ಮೇ ೪೩, ೨೨೪೧

ಇನ್ನೂರು ವರ್ಷ ಹಿಂದಿನ ಹಿರಿಯರೇ,

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮಲ್ಲಿ ಮೊದಲ ಮಳೆ ಬೀಳುವವರೆಗೂ ಮೇ ತಿಂಗಳು ಮುಗಿಯುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ; ನಿಮ್ಮ ಕೆಲವು ಮಾತುಗಳನ್ನು ನಾವೂ ಅರ್ಥ ಮರೆತು ಆಡುತ್ತಿದ್ದೇವೆ.

ಇದು ನದಿ ಕಡಲನ್ನು ಸೇರುವಲ್ಲಿರುವ ನಡುಗಡ್ಡೆ. ಬಾವಿಗಳಿವೆ, ಆದರೆ ಅವುಗಳ ನೀರು ಸಾಲದು; ಉಳಿದದ್ದನ್ನು ಬೆಳಿಗ್ಗೆ ಸಿಹಿನೀರು ಹೊತ್ತ ಸಿಹಿದೋಣಿ ತರುತ್ತದೆ. ಆ ನೀರಿನಲ್ಲಿ ಮೊದಲು ಗಂಜಿ, ಆಮೇಲೆ ಮಕ್ಕಳ ಮುಖ, ಮುಖ ತೊಳೆದದ್ದು ಬಸಳೆ ಬಳ್ಳಿಗೆ. ಮೀನು ತೊಳೆಯಲು ಉಪ್ಪುನೀರೇ ಸಾಕು. ಯಾವ ಊರಿಗೆ ಎಷ್ಟು ದೋಣಿ ಎಂಬುದನ್ನು ನಾನು ಕೆಲಸ ಮಾಡುವ ಎಣಿಕೆ ಕಚೇರಿ ನಿರ್ಧರಿಸುತ್ತದೆ.

ನಾವು ಜನರನ್ನು ಎಣಿಸುವುದು ಇಪ್ಪತ್ತು ವರ್ಷಕ್ಕೊಮ್ಮೆ. ನಡುವಿನವು ಹಗ್ಗವರ್ಷಗಳು. ಎರಡು ಎಣಿಕೆಗಳನ್ನು ಎರಡು ಗೂಟಗಳೆಂದುಕೊಂಡು, ನಡುವೆ ಹಗ್ಗ ಬಿಗಿದು, ವರ್ಷಕ್ಕೊಂದರಂತೆ ಸಮ ಅಂತರದಲ್ಲಿ ಗಂಟು ಹಾಕುತ್ತೇವೆ. ಇಲ್ಲಿ ಹಿಂದಿನ ಎಣಿಕೆಯಲ್ಲಿ ಆರುನೂರು ಜನ, ಈ ಸಲ ಆರುನೂರ ಹತ್ತು. ಆದ್ದರಿಂದ ವರ್ಷಕ್ಕೆ ಅರ್ಧ ಮನುಷ್ಯ ಹೆಚ್ಚಿದನೆಂದು ಕಚೇರಿ ಬರೆದುಕೊಂಡಿತು.

ನಡೆದದ್ದು ಬೇರೆ. ನಡುವೆ ಒಂದು ಬೇಸಿಗೆ ಬಾವಿಗಳಿಗೆ ಉಪ್ಪು ನುಗ್ಗಿತು. ಹಸುಗೂಸುಗಳು ಸತ್ತವು, ಮುಕ್ಕಾಲು ಊರು ಗುಳೆ ಎದ್ದಿತು. ಬಾವಿ ಸಿಹಿಯಾದ ಮೇಲೆ ಬೇರೆ ಕಡೆಯವರು ಬಂದು ಆ ಮನೆಗಳನ್ನು ತುಂಬಿದರು. ಹಗ್ಗದಲ್ಲಿ ಇದಕ್ಕೊಂದು ಗಂಟಿಲ್ಲ.

ಈ ಬೇಸಿಗೆ ಮತ್ತೆ ಉಪ್ಪು ಬಂದಿದೆ. ಇನ್ನೂ ಮೂರು ಸಿಹಿದೋಣಿ ಬೇಕೆಂದು ಕಚೇರಿಗೆ ಬರೆದೆ. ಹಿಂದೆ ಉಪ್ಪು ಬಂದಾಗಲೂ ಇಲ್ಲಿ ಜನ ಕಡಿಮೆಯಾಗಿಲ್ಲ, ಹಾಗಾಗಿ ಅಗತ್ಯವಿಲ್ಲ ಎಂದು ಉತ್ತರ ಬಂತು. ಅಂದು ಊರು ಬಿಡದೆ ಉಳಿದಿದ್ದ ಬುದವಂತಿ ಅಜ್ಜಿಗೆ ಅದನ್ನು ಓದಿ ಹೇಳಿದೆ.

"ವರ್ಸಕ್ಕೆ ಅರ್ಧ ಮನ್ಸ ಹೆಚ್ಚಾದ್ನಂತಾ? ಯಾವ ಅರ್ಧನೇ ತಂಗಿ, ಬಾಯಿ ಇಲ್ದೇ ಇದ್ದದ್ದಾ? ಹಂಗಾರೆ ನೀರು ಬ್ಯಾಡ ಬಿಡು" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಮೊಮ್ಮಗಳು ಮೂರು ತಿಂಗಳ ಕೂಸು.

ಎಣಿಕೆಯನ್ನು ಮುಂದೂಡುವ ರೂಢಿ ನಿಮ್ಮ ಕಾಲದಲ್ಲಿ ಶುರುವಾಯಿತೆಂದು ಹೇಳುತ್ತಾರೆ. ದೂರಲು ಬರೆದದ್ದಲ್ಲ, ಒಂದು ಕೋರಿಕೆಯಿದೆ. ಎಷ್ಟು ಜನ ಇದ್ದಾರೆ ಎಂದಷ್ಟೇ ಕೇಳಿ ಎದ್ದುಬಿಡಬೇಡಿ. ಹುಟ್ಟಿದವರು, ಸತ್ತವರು, ಬಂದವರು, ಹೋದವರು, ಇವರನ್ನು ವರ್ಷವರ್ಷವೂ ಬೇರೆಬೇರೆಯಾಗಿ ಬರೆದಿಡಿ. ಕೂಡಿ ಕಳೆದ ಮೇಲೆ ಅವರು ಸಿಗುವುದಿಲ್ಲ.

ಇಂದು ಬೆಳಿಗ್ಗೆ ಬುದವಂತಿಯ ಸೊಸೆ ಕೂಸನ್ನು ಎತ್ತಿಕೊಂಡು ಊರು ಬಿಟ್ಟಳು. ಹಿಂದೆಯೇ ಹನ್ನೊಂದು ಮನೆಯವರು ಹೊರಟರು. ಮುಂದಿನ ಎಣಿಕೆಯ ಹೊತ್ತಿಗೆ ಈ ಮನೆಗಳಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಆರುನೂರ ಇಪ್ಪತ್ತು ಎಂದು ಬರೆದುಕೊಳ್ಳುತ್ತಾರೆ.

ನಿಮ್ಮ ಮುಂದಿನವಳು,
ನೇತ್ರಾ ಹರಿಕಂತ್ರ