ಪೆಟ್ಟಿಗೆಯಲ್ಲಿಟ್ಟ ಒಡಕು ಹಲಗೆ

ಸ್ಯಾನ್ ಹೊಸೆ
೯ ನವೆಂಬರ್ ೧೯೮೬

ಪ್ರೀತಿಯ ರಮಾಗೆ, ಹುಬ್ಬಳ್ಳಿ ಬಿಟ್ಟರೂ ಹುಬ್ಬಳ್ಳಿಯ ಬಾಯಿ ಬಿಡದ ಸೆಗುಲಾಳ ನಮಸ್ಕಾರ.

‘ಅಮೇರಿಕಾದಾಗ ಸ್ಟ್ಯಾಂಪ ಸಿಗೂದಿಲ್ಲೇನ?’ ಎಂದು ಬೈದು ಬರೆದಿದ್ದೀಯ. ಕಾಲುನೋವು, ಚಳಿ ಎಂದು ನೆಪ ಹೇಳಬಹುದಿತ್ತು. ನಿಜವೆಂದರೆ ಮರೆವು, ನೋಡವಾ.

ಕಳೆದ ತಿಂಗಳು ಇಲ್ಲಿಯ ನಮ್ಮ ಯೆಹೂದಿ ಪ್ರಾರ್ಥನಾಮಂದಿರ ಸಿನಗಾಗಿನ ಗುರುಗಳು, ರಬ್ಬಿ ಲೆವಿನ್ಸನ್, ನನ್ನ ಮಗ ಎಜ್ರಾನ ಮನೆಗೆ ಊಟಕ್ಕೆ ಬಂದಿದ್ದರು. ಶುಕ್ರವಾರ ಸಂಜೆ ನಾವು ವಾರದ ಪವಿತ್ರ ದಿನವಾದ ಶಬ್ಬಾತ್‌ನ ದೀಪ ಹಚ್ಚಿ, ಕಣ್ಣು ಮುಚ್ಚಿ ಹೀಬ್ರೂ ಪ್ರಾರ್ಥನೆ ಹೇಳುತ್ತೇವಲ್ಲ, ಮದುವೆಯಾದಾಗಿನಿಂದ ಒಂದು ವಾರವೂ ತಪ್ಪಿಸಿದವಳಲ್ಲ ನಾನು. ಅವತ್ತು ಒಂದಕ್ಷರ ಬರಲಿಲ್ಲ. ಬಂದದ್ದು ಏನು ಗೊತ್ತೇ? ಓಣಿಯ ಒಂದೇ ಯೆಹೂದಿ ಮನೆಯ ಹುಡುಗಿಯಾದ ನನ್ನನ್ನೂ ನಿನ್ನ ಪಕ್ಕ ಕೂಡಿಸಿ ನಿನ್ನ ಅವ್ವ ಹೇಳಿಸುತ್ತಿದ್ದ ದೀಪದ ಶ್ಲೋಕ! ಪೂರ್ತಿ ಮುಗಿಸಿಯೇ ಕಣ್ಣು ಬಿಟ್ಟೆ. ‘ಅಜ್ಜಿ, ದಟ್ಸ್ ನಾಟ್ ಹೀಬ್ರೂ!’ ಎಂದು ಮೊಮ್ಮಗಳು ನವೋಮಿ ಕಿಸಕ್ಕನೆ ನಕ್ಕಳು. ಎಜ್ರಾನ ಮುಖ ಕಪ್ಪಿಟ್ಟಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ರಮಾ. ಮರುವಾರ ಕಡ್ಡಿಪೆಟ್ಟಿಗೆಯನ್ನು ನವೋಮಿಯ ಕೈಗೆ ಕೊಟ್ಟು ಒಳಗೆ ಹೋಗಿಬಿಟ್ಟೆ. ಸಿನಗಾಗಿಗೂ ಹೋಗಲಿಲ್ಲ. ಊರಲ್ಲಿ ಭಿನ್ನವಾದ ಮೂರ್ತಿಯನ್ನು ಕೆರೆಗೆ ಬಿಡುತ್ತಿದ್ದರಲ್ಲ, ನನ್ನ ಪಾಳಿಯೂ ಬಂತು ಅಂದುಕೊಂಡೆ.

ರಬ್ಬಿಯೇ ಹುಡುಕಿಕೊಂಡು ಬಂದರು. ನಮ್ಮ ಪ್ರವಾದಿ ಮೋಶೆ ಸಿಟ್ಟಿನಲ್ಲಿ ದೇವರಾಜ್ಞೆಯ ಕಲ್ಲಿನ ಹಲಗೆಗಳನ್ನು ಒಡೆದ ಕಥೆ ನಿನಗೂ ಹೇಳಿದ್ದೆ. ಅವರು ಹೇಳಿದ್ದು ಅದರ ಮುಂದಿನದು. ಆಮೇಲೆ ಹೊಸವು ಬಂದವು. ಆದರೆ ಒಡೆದ ಚೂರುಗಳನ್ನು ಎಸೆಯಲಿಲ್ಲವಂತೆ; ಹೊಸವುಗಳ ಜೊತೆ ಅದೇ ಪವಿತ್ರ ಪೆಟ್ಟಿಗೆಯಲ್ಲಿಟ್ಟು ಮರುಭೂಮಿಯುದ್ದಕ್ಕೂ ಹೊತ್ತರಂತೆ. ಕಲಿತದ್ದನ್ನು ಮರೆತ ಮುದುಕರಿಗೂ ಅದೇ ಮರ್ಯಾದೆ ಸಲ್ಲಬೇಕೆಂದು ನಮ್ಮ ಹಿರಿಯರು ಹೇಳಿದ್ದಾರಂತೆ. ನನಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ನಾನು ಒಡಕು ಕಲ್ಲೇನು ಎಂದು ಕೇಳಿಯೇಬಿಟ್ಟೆ. ಅವರು ನಕ್ಕು, ತಮಗೂ ಎಂಬತ್ತಾಯಿತು, ಪೆಟ್ಟಿಗೆಯಲ್ಲಿ ಸ್ವಲ್ಪ ಸರಿದು ತಮಗೂ ಜಾಗ ಕೊಡಿ ಎಂದರು. ನನಗೂ ನಗು ಬಂತು. ಚಹಾ ಮಾಡಿಕೊಟ್ಟೆ.

ಮೊನ್ನೆ ಶುಕ್ರವಾರ ನಾನೇ ದೀಪ ಹಚ್ಚಿದೆ. ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಮುಂದೇನು ಎಂದು ಎಲ್ಲರೆದುರೇ ನವೋಮಿಯನ್ನು ಕೇಳಿದೆ. ಅವಳು ಹೇಳಿಕೊಟ್ಟಳು, ನಾನು ಹೇಳಿದೆ. ದೀಪವೇನೂ ಆರಲಿಲ್ಲ. ನಾಚಿಕೆ ಬಿಟ್ಟು ಕೇಳುವುದನ್ನು ಕಲಿಯಲು ಎಪ್ಪತ್ತೆಂಟು ವರ್ಷ ಬೇಕಾಯಿತು ನೋಡು. ಮನಸ್ಸು ಹಗುರಾಗಿದೆ.

ಮನೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ
ಸೆಗುಲಾ

ತಾ.ಕ.: ನಿನ್ನನ್ನೂ ಒಂದು ಕೇಳಬೇಕು. ಇಷ್ಟು ದಿನ ಬರೆಯದೆ ಇದ್ದದ್ದು ಇದಕ್ಕೇ. ನಿನ್ನ ದನಿ ಕಿವಿಯಲ್ಲಿದೆ, ನಿನ್ನ ಜಗಳವೆಲ್ಲ ನೆನಪಿದೆ, ಮುಖ ಮಾತ್ರ ಬರುತ್ತಿಲ್ಲ. ಒಂದು ಫೋಟೋ ಕಳಿಸು. ಹಿಂದೆ ನಿನ್ನ ಹೆಸರು ದೊಡ್ಡದಾಗಿ ಬರೆ.